ಮದ್ದು ಮರೆತವರ ಹಲಗೆ

ಬಂದೂಕು ಅಂದಮೇಲೆ ಢಂ ಅನ್ನಬೇಕು. ಜೂನ್ ತಿಂಗಳ ಎರಡನೆಯ ಶನಿವಾರ ನಾರ್ತ್ ಡಕೋಟದ ಸ್ಟೋರ್‌ವಿಕ್ ಊರಿನ ರೈಫಲ್ ಕ್ಲಬ್ಬಿನ ಪಂದ್ಯದಲ್ಲಿ ಹನ್ನೊಂದು ಮಂದಿಯ ಹನ್ನೊಂದು ಬಂದೂಕುಗಳು ಢಂ ಅಂದವು. ಹನ್ನೆರಡನೆಯದು ಲವಾನ್ ಆಪ್‌ಡಾಲಳದ್ದು. ಅದು ಟುಸ್ ಅಂದಿತು.

ದೊಡ್ಡ ಟುಸ್ ಕೂಡ ಅಲ್ಲ. ಚರ್ಚಿನಲ್ಲಿ ಪಾದ್ರಿಗಳು ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಹಿಂದಿನ ಬೆಂಚಿನಿಂದ ಯಾರೋ ತಡೆಯಲಾರದೆ ಬಿಟ್ಟಂಥದ್ದು. ಎಲ್ಲರೂ ಕಿವಿಗೆ ದಪ್ಪನೆಯ ಮುಚ್ಚಳ ಹಾಕಿಕೊಂಡಿದ್ದರು. ಆದರೂ ಎಲ್ಲರಿಗೂ ಕೇಳಿಸಿತು.

“ನಿಲ್ಸಿ! ಎಲ್ರೂ ಬಂದೂಕಿಂದ ಕೈ ತೆಗೀರಿ!” ಎಂದು ಮೈಲೋ ಹ್ರುಸ್ಕ ಕೂಗಿದ. ಎಪ್ಪತ್ತನಾಲ್ಕು ವರ್ಷದ ಆಲೂಗಡ್ಡೆ ಬೆಳೆಗಾರ ಮೈಲೋ ಗುಂಡು ಹಾರಿಸುವ ಆ ಬಯಲಿನ ಯಜಮಾನ. ಅವನು ಬೇಡವೆಂದರೆ ಅಲ್ಲಿ ನೊಣವೂ ಹಾರುವಂತಿಲ್ಲ. ಉದ್ದನೆಯ ಹಿತ್ತಾಳೆ ಸಲಾಕೆ ತಂದು, ಬಂದೂಕಿನ ನಳಿಗೆಯೊಳಗೆ ಮೆಲ್ಲಗೆ ತೂರಿಸಿ, ಅರ್ಧದಲ್ಲೇ ಸಿಕ್ಕಿಕೊಂಡಿದ್ದ ಗುಂಡನ್ನು ತಳ್ಳಿ ಹೊರಗೆ ತೆಗೆದ. ಅಂಗೈ ಮೇಲೆ ಇಟ್ಟುಕೊಂಡು, ಹಾಲುಹಲ್ಲು ಬಿದ್ದ ಮಗುವನ್ನು ನೋಡುವ ಹಾಗೆ ಲವಾನಳನ್ನು ನೋಡಿದ.

“ಏನು ಮರ್ತೆ ಲವಾನ್?”

“ಏನೂ ಮರ್ತಿಲ್ಲ. ತಳಕ್ಕೆ ಕೇಪು ಹಾಕಿದ್ದೆ, ಮೇಲೆ ಗುಂಡು ಕೂರಿಸಿದ್ದೆ. ನಡುವೆ ಏನೋ ಹಾಕ್ಬೇಕಲ್ಲ, ಕಪ್ಪಗೆ, ಕಾಳು ಕಾಳಾಗಿ...”

“ಮದ್ದು.”

“ಹಾಂ, ಅದೇ.”

ಹಿಂದೆ ಮಡಿಚುವ ಕುರ್ಚಿಯಲ್ಲಿ ಕೂತಿದ್ದ ಅವಳ ಗಂಡ ವರ್ಲಿನ್ ಟೊಪ್ಪಿಯನ್ನು ಮೂಗಿನವರೆಗೆ ಎಳೆದುಕೊಂಡ. ನಾಚಿಕೆಯಿಂದ ಎಂದು ಉಳಿದವರು ತಿಳಿದರು. ಅವನು ನಗುತ್ತಿದ್ದ, ಅದು ಹೆಂಡತಿಗೆ ಕಂಡರೆ ಸಂಜೆಯ ಊಟಕ್ಕೂ ಟುಸ್.

ಸ್ಟೋರ್‌ವಿಕ್‌ನಲ್ಲಿ ಪಂದ್ಯಕ್ಕೆ ಬರುವವರು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುತ್ತಾರೆ. ಒಮ್ಮೆ ಹಾರಿಸಿದ ಹಿತ್ತಾಳೆಯ ಖಾಲಿ ತೋಟಾವನ್ನು ಮನೆಗೆ ತಂದು, ಬೆಳಗಿ, ಪ್ರೆಸ್ಸಿನಲ್ಲಿ ಒತ್ತಿ ಆಕಾರಕ್ಕೆ ತಂದು, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು, ಹೊಟ್ಟೆಗೆ ತೂಗಿದ ಮದ್ದು, ಬಾಯಿಗೆ ಗುಂಡು. ಸಂಜೆ ಬಾರಿನಲ್ಲೂ ಇವರೇ ಗುಂಡು ಹಾಕುತ್ತಾರೆ. ಅಲ್ಲಿ ಅಳತೆ ಇಷ್ಟು ಕಟ್ಟುನಿಟ್ಟಲ್ಲ. ಅಂಗಡಿಯಿಂದ ತಂದ ತೋಟಾ ಹಾರಿಸಬಾರದೆಂಬ ಕಾನೂನೇನೂ ಇಲ್ಲ. ಚರ್ಚಿನ ಊಟಕ್ಕೆ ಅಂಗಡಿಯ ಕೇಕು ಒಯ್ಯಬಾರದೆಂಬ ಕಾನೂನೂ ಇಲ್ಲ. ಒಯ್ದವರ ಮುಂದೆ ಯಾರೂ ಏನೂ ಅನ್ನುವುದಿಲ್ಲ, ಅಷ್ಟೇ. ನಾರ್ತ್ ಡಕೋಟದಲ್ಲಿ ಏನೂ ಅನ್ನದೇ ಇರುವುದಕ್ಕಿಂತ ದೊಡ್ಡ ಬೈಗುಳವಿಲ್ಲ.

ಇನ್ನು ಹಲಗೆಯ ವಿಷಯ. ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ ಕಾಫಿ ಪಾತ್ರೆಯ ಮೇಲೆಯೇ, ಲೋಟ ಹಿಡಿದ ಯಾರೂ ಓದದೆ ಇರಲಾರದ ಜಾಗದಲ್ಲಿ, ಒಂದು ಓಕ್ ಹಲಗೆಯಿದೆ. ಮದ್ದು ಮರೆತವರ ಗುಂಡನ್ನು ತಂತಿ ಸುತ್ತಿ ಅಲ್ಲಿ ನೇತುಹಾಕಿ, ಕೆಳಗೆ ಹೆಸರು ಬರೆಯುತ್ತಾರೆ. ಮೊದಲು ಸೀಮೆಸುಣ್ಣದಲ್ಲಿ. ಅದೇ ಹಲಗೆಯ ಮೊಳೆಯಿಂದ ದಾರಕ್ಕೆ ಕಟ್ಟಿದ ಒಂದು ಗುಂಡಿಯೂ ಜೋತಾಡುತ್ತದೆ. ಕ್ಲಬ್ಬು ಕಟ್ಟಿದ ಗಸ್ಟ್ ನೈಗಾರ್ಡನ ವೇಸ್ಟ್‌ಕೋಟಿನದು, ಹೆಬ್ಬೆರಳಿನ ಉಗುರಿನಷ್ಟು ಅಗಲ. ನೂರು ಗಜ ದೂರದಿಂದ ಐದು ಗುಂಡು ಹಾರಿಸಿ, ಆ ಐದೂ ತೂತುಗಳು ಗಸ್ಟನ ಗುಂಡಿಯ ಹಿಂದೆ ಪೂರ್ತಿ ಅಡಗಿದರೆ ಸೀಮೆಸುಣ್ಣ ಅಳಿಸಿ ಗುಂಡನ್ನು ವಾಪಸು ಕೊಡುತ್ತಾರೆ. ಸೆಪ್ಟೆಂಬರಿನ ಕೊನೆಯ ಪಂದ್ಯದೊಳಗೆ ಆಗದಿದ್ದರೆ ಸೀಮೆಸುಣ್ಣದ ಮೇಲೆ ಬಣ್ಣ ಬೀಳುತ್ತದೆ. ಬಣ್ಣ ಬಿದ್ದ ಹೆಸರು ಇಲ್ಲಿಯವರೆಗೆ ಅಳಿದಿಲ್ಲ. ಗುಂಡು, ಗುಂಡಿ, ಎರಡಕ್ಕೂ ಗುಂಡಿಗೆ ಬೇಕು.

ಬಣ್ಣದ ಹೆಸರುಗಳು ಏಳು. ಎಲ್ಲಕ್ಕಿಂತ ಮೇಲಿನದು ‘ಎಮಿಲ್ ಸ್ಕಾರ್, 1968’. ಲವಾನಳ ಅಪ್ಪ.

ಎಮಿಲ್ ಆಮೇಲೆ ನಲವತ್ತೊಂಬತ್ತು ವರ್ಷ ಬದುಕಿದ. ಗೋಧಿ ಬೆಳೆದ, ಊರಿನ ಮಂಡಳಿಗೆ ಎರಡು ಸಲ ಆರಿಸಿ ಬಂದ, ಹಿಮಗಾಳಿಯಲ್ಲಿ ಸಿಕ್ಕಿಬಿದ್ದಿದ್ದ ಶಾಲೆಯ ಬಸ್ಸನ್ನು ತನ್ನ ಟ್ರ್ಯಾಕ್ಟರಿನಿಂದ ಎಳೆದು ತಂದ. ಆದರೂ ಕ್ಷೌರದ ಅಂಗಡಿಗೆ ಕಾಲಿಟ್ಟರೆ ಕುರ್ಚಿಯಲ್ಲಿದ್ದವನು ಸೋಪಿನ ನೊರೆಯ ನಡುವಿನಿಂದ ಟುಸ್ ಅನ್ನುತ್ತಿದ್ದ. ಅವನ ಅಂತ್ಯಸಂಸ್ಕಾರದ ದಿನ ಪಾದ್ರಿಗಳ ಮೈಕು ಕೆಟ್ಟು ಅಂಥದ್ದೇ ಸದ್ದು ಮಾಡಿದಾಗ ಹಿಂದಿನ ಎರಡು ಸಾಲು ಅಳುವ ನೆಪದಲ್ಲಿ ಕರವಸ್ತ್ರದೊಳಗೆ ಮುಖ ಮುಚ್ಚಿಕೊಂಡಿತು. ಮುಂದಿನ ಸಾಲಿನಲ್ಲಿ ಮಗಳೂ.

ಅವಳಿಗೆ ಬಂದೂಕು ಬಂದದ್ದು ಅಪ್ಪನಿಂದಲೇ. ಅದರ ಜೊತೆ ಒಂದು ಪ್ರೆಸ್ಸು, ಒಂದು ದಂಡದ ತಕ್ಕಡಿ. ಮಾರುವ ಮೊದಲು ಹಾರುತ್ತದೋ ಇಲ್ಲವೋ ನೋಡೋಣವೆಂದು ಬಯಲಿಗೆ ಒಯ್ದವಳು ಮೂರು ಗುಂಡು ಒಂದೇ ಕಡೆ ಬಿದ್ದದ್ದನ್ನು ಕಂಡು, “ಇದು ಚೆನ್ನಾಗಿದೆಯಲ್ಲೋ!” ಎಂದಳು. ಆಗ ಅವಳಿಗೆ ಐವತ್ತೊಂದು. ಆರು ವರ್ಷವಾಯಿತು, ಮಾರಿಲ್ಲ.

ಆ ಶನಿವಾರ ಅವಳ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದವಳು ಕ್ಲಬ್ಬಿನ ಕಾರ್ಯದರ್ಶಿ ಆರ್ಡಿಸ್, ವರ್ಲಿನನ ಅಕ್ಕ. ಮೂವತ್ತು ವರ್ಷ ಪೋಸ್ಟಾಫೀಸು ನಡೆಸಿದವಳು. ಅಕ್ಷರ ಎಷ್ಟು ಚೆಂದವೆಂದರೆ ಓದುವವರಿಗೆ ಅದು ಅವಮಾನವೋ ಮದುವೆಯ ಕರೆಯೋಲೆಯೋ ತಿಳಿಯುತ್ತಿರಲಿಲ್ಲ.

“ಬೇಜಾರು ಮಾಡ್ಕೋಬೇಡ ಲವಾನ್,” ಎಂದಳು ಆರ್ಡಿಸ್, ಕೈಯ ಸುಣ್ಣ ಒರೆಸಿಕೊಳ್ಳುತ್ತ. “ಬಣ್ಣದ ಡಬ್ಬಿ ಇನ್ನೂ ತೆರೆದಿಲ್ಲ. ಹಸಿರಾ, ನೀಲಿನಾ? ನಿಂಗೆ ಯಾವುದು ಒಪ್ಪುತ್ತೆ ಅಂತ ಯೋಚ್ನೆ ಮಾಡ್ತಿದೀನಿ.”

ಮನೆಗೆ ಬರುವ ದಾರಿಯಲ್ಲಿ ಲವಾನ್ ಹೇಳಿದಳು, “ನಂಗೊಬ್ಳಿಗೇ ಆಗಿದ್ರೆ ಪರ್ವಾಗಿಲ್ಲ ಕಣೋ. ಅಪ್ಪನ ಹೆಸ್ರು ಇರೋ ಹಲಗೇಲೇ ನನ್ನ ಹೆಸ್ರೂ ಬಂದ್ರೆ ಅದು ವಂಶಪಾರಂಪರ್ಯ ಆಗ್ಬಿಡುತ್ತೆ. ಆಸ್ಪತ್ರೇಲಿ ಕೇಳ್ತಾರಲ್ಲ, ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇತ್ತಾ, ಟುಸ್ ಇತ್ತಾ ಅಂತ.”

“ಮರೆವಿಗೆ ಮದ್ದಿಲ್ಲ ಅಂತಾರೆ,” ಎಂದ ವರ್ಲಿನ್. “ನಿನ್ನ ಕೇಸಿನಲ್ಲಿ ಮದ್ದಿಗೇ ಮರೆವು.”

“ಗಾಡಿ ನಿಲ್ಸು, ಇಳಿದು ನಡ್ಕೊಂಡ್ ಬರ್ತೀನಿ.”

“ಬೇಡ ಬೇಡ. ನೀನು ನನ್ನನ್ನ ಪೆಟ್ರೋಲ್ ಬಂಕಲ್ಲಿ ಬಿಟ್ಟು ಹೋಗಿದ್ದು ಒಂದ್ಸಲ ಸಾಕು.”

ಅದು ನಿಜ. ಎಂಟು ವರ್ಷದ ಹಿಂದೆ ಬಿಸ್ಮಾರ್ಕಿನಿಂದ ಬರುವಾಗ ಅವನನ್ನು ಬಂಕಿನ ಶೌಚಾಲಯದಲ್ಲೇ ಬಿಟ್ಟು ಹೊರಟುಬಿಟ್ಟಿದ್ದಳು. ಮೂವತ್ತು ಮೈಲಿ ಹೋದಮೇಲೆ, ಪಕ್ಕದ ಸೀಟಿನಿಂದ ಯಾರೂ ಮಳೆಯ ಬಗ್ಗೆ ಮಾತಾಡುತ್ತಿಲ್ಲವಲ್ಲ ಎಂದು ಅನುಮಾನ ಬಂದು ತಿರುಗಿ ನೋಡಿದ್ದಳಂತೆ.

ಮದ್ದು ಮರೆತದ್ದು ಹೇಗೆಂದು ಇಬ್ಬರೂ ಕೂತು ಪತ್ತೆ ಹಚ್ಚಿದರು. ಪ್ರೆಸ್ಸನ್ನು ಅಡುಗೆಮನೆಯ ಕಟ್ಟೆಗೆ ಕ್ಲಾಂಪಿನಿಂದ ಬಿಗಿದು, ನಲವತ್ತು ತೋಟಾ ಸಾಲಾಗಿ ನಿಲ್ಲಿಸಿ ಮದ್ದು ಹಾಕುತ್ತಿದ್ದಾಗ ಪಾದ್ರಿಗಳ ಹೆಂಡತಿ ಫೋನು ಮಾಡಿದ್ದಳು: ಬೇಸಿಗೆಯ ಬೈಬಲ್ ಶಾಲೆಗೆ ಅರವತ್ತು ಮಕ್ಕಳಿಗೆ ಎಷ್ಟು ಮ್ಯಾಕರೋನಿ ಬೇಯಿಸಬೇಕು? ಲವಾನ್ ಹೇಳಿ ಮುಗಿಸಿ ಬಂದವಳು ಸಾಲಿನಲ್ಲಿ ಒಂದು ತೋಟಾ ಮುಂದಕ್ಕೆ ಶುರುಮಾಡಿದ್ದಳು. ಅರವತ್ತು ಮಕ್ಕಳಿಗೂ ಊಟ ಸರಿಯಾಗಿ ಸಿಕ್ಕಿತು. ಒಂದು ತೋಟಾ ಉಪವಾಸ ಬಿತ್ತು.

“ಬೆಂಚು ಮಾಡ್ಕೊಡ್ತೀನಿ,” ಎಂದ ವರ್ಲಿನ್. “ಫೋನು ಇಲ್ದಿರೋ ಜಾಗದಲ್ಲಿ. ಬರೀ ಇದಕ್ಕೇ ಅಂತ.”

ಧಾನ್ಯದ ಗೋದಾಮಿನಿಂದ ನಿವೃತ್ತನಾದವನು. ಮರಗೆಲಸದಲ್ಲಿ ಉತ್ಸಾಹ ಜಾಸ್ತಿ, ಮಟ್ಟ ಕಮ್ಮಿ. ಹಿಂದಿನ ಕೋಣೆಯಲ್ಲಿ ಗೋಡೆಗೆ ಸ್ಕ್ರೂ ಹೊಡೆದು ಬೆಂಚು ನಿಲ್ಲಿಸಿದ. ನೋಡಲು ಭರ್ಜರಿ. ಲವಾನ್ ಪ್ರೆಸ್ಸಿನ ಹಿಡಿ ಎಳೆದಳು. ಬೆಂಚು ತಲೆದೂಗಿತು. ಬೆಂಚಿನ ಜೊತೆ ಗೋಡೆ. ಆ ಗೋಡೆಯ ಇನ್ನೊಂದು ಮಗ್ಗುಲಲ್ಲಿ ಅವಳ ಅಜ್ಜಿ ನಾರ್ವೆಯಿಂದ ತಂದ ಹೂಬಳ್ಳಿಯ ಮರದ ತಟ್ಟೆಗಳ ಸಾಲು. ಅದರ ಕೆಳಗೆ ಸೋಫಾ. ಸೋಫಾದಲ್ಲಿ ತನ್ನ ಕೆಲಸ ಮುಗಿಸಿದ ತೃಪ್ತಿಯಲ್ಲಿ ಮಲಗಿದ್ದ ವರ್ಲಿನ್. ನಾಲ್ಕನೆಯ ಎಳೆತಕ್ಕೆ ತಟ್ಟೆಯೊಂದು ಅವನ ಹಣೆಯ ಮೇಲೆ ಬಂದು ಕೂತಿತು.

“ತಟ್ಟೆ ಒಡೀತಾ?” ಎಂದು ಗೋಡೆಯಾಚೆಯಿಂದ ಹೆಂಡತಿ ಕೇಳಿದಳು.

“ಇಲ್ಲ. ನಾನು ಚೆನ್ನಾಗಿದೀನಿ, ಕೇಳಿದ್ದಕ್ಕೆ ಥ್ಯಾಂಕ್ಸ್.”

ಅಲ್ಲಾಡುವ ಬೆಂಚಿನ ಮೇಲೆ ಕೂರಿಸಿದ ಗುಂಡು ಒಂದು ನೆಟ್ಟಗೆ, ಒಂದು ಸೊಟ್ಟಗೆ. ಜುಲೈ ಪಂದ್ಯದಲ್ಲಿ ಲವಾನಳ ಐದು ತೂತುಗಳು ಜಗಳ ಆಡಿಕೊಂಡು ಬೇರೆಯಾದ ಅಣ್ಣತಮ್ಮಂದಿರಂತೆ ಕಾಗದದ ಐದು ಮೂಲೆ ಹಿಡಿದವು. ಕಾಗದಕ್ಕೆ ಮೂಲೆ ನಾಲ್ಕೇ, ಆದರೂ.

ಆರ್ಡಿಸ್ ಗುಂಡಿಯನ್ನು ಮೊಳೆಯಿಂದ ತೆಗೆಯುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. “ಐದೂ ಬೇರೆ ಬೇರೆ ವಿಳಾಸಕ್ಕೆ ಹೋಗಿವೆ,” ಎಂದಳು.

ಉಳಿದದ್ದು ಎರಡು ಪಂದ್ಯ.

ಮೈಲೋನ ತೀರಿಹೋದ ಅಣ್ಣನದು ಮಾಂಸದ ಅಂಗಡಿ; ಮುಚ್ಚಿ ಹನ್ನೆರಡು ವರ್ಷ. ಅಲ್ಲಿ ಮಾಂಸ ಕಡಿಯುವ ಮೇಪಲ್ ಮರದ ದಿಮ್ಮಿ ಹಾಗೇ ನಿಂತಿತ್ತು. ನಾಲ್ಕು ದಪ್ಪ ಕಾಲು, ಒಂದೂವರೆ ಅಡಿ ದಪ್ಪದ ಬೆನ್ನು, ನಿಂತ ಭಂಗಿ ಥೇಟ್ ಮುನಿಸಿಕೊಂಡ ಎಮ್ಮೆ. “ತಗೊಂಡ್ ಹೋಗಿ,” ಎಂದ ಮೈಲೋ. “ನಮ್ಮಣ್ಣ ಅದರ ಮೇಲೆ ನಲವತ್ತು ವರ್ಷ ಮಚ್ಚು ಬೀಸಿದ. ಅದು ಒಂದಿನ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ.”

ಮನೆಯ ನೆಲಮಾಳಿಗೆಗೆ ಹೊರಗಿನಿಂದ ಒಂದು ಇಳಿಜಾರು ಬಾಗಿಲಿದೆ. ಆರು ಮಂದಿ ಗಂಡಸರು, ಎರಡು ಹಲಗೆ, ದಪ್ಪನೆಯ ಹಗ್ಗ. ಐದು ಮಂದಿ ಮೇಲೆ ನಿಂತು ಹಗ್ಗ ಹಿಡಿದರು. ಕೆಳಗೆ, ದಿಮ್ಮಿ ಜಾರಿದರೆ ಮೊದಲು ಸಿಗುವ ಜಾಗದಲ್ಲಿ, ವರ್ಲಿನ್ ನಿಂತ. ಮೂವತ್ತಮೂರು ವರ್ಷದ ದಾಂಪತ್ಯದಲ್ಲಿ ಅವನು ಹೆಂಡತಿಗೆ ಪ್ರೀತಿಯೆಂಬ ಮಾತನ್ನು ನಾಲ್ಕು ಸಲಕ್ಕಿಂತ ಹೆಚ್ಚು ಆಡಿದವನಲ್ಲ. ಇದು ಐದನೆಯದು.

“ಬಿಡ್ಲಾ?” ಎಂದು ಮೇಲಿಂದ ಮೈಲೋ.

“ಮೆತ್ತಗೆ!”

“ಮೆತ್ತಗೆ ಬಿಡೋಕೆ ಇದೇನು ಸಾವಿನ ಸುದ್ದಿನಾ?”

ದಿಮ್ಮಿ ಇಳಿಯಿತು. ಒಂದು ಸಲ ನೆಲಕ್ಕೆ ಕಾಲೂರಿದ್ದು ಇನ್ನು ಪ್ರಳಯಕ್ಕೂ ಕದಲುವುದಿಲ್ಲವೆಂದು ಆರೂ ಮಂದಿಗೂ ಗೊತ್ತಾಯಿತು. ಬೆನ್ನು ಹಿಡಿದುಕೊಂಡು ಕಾಫಿಗೆ ಕೂತರು. ವರ್ಲಿನ್ ತೂತು ಕೊರೆದು, ಗೇಣುದ್ದದ ಬೋಲ್ಟು ಹಾಕಿ ಪ್ರೆಸ್ಸನ್ನು ಬಿಗಿದ. ಲವಾನ್ ಹಿಡಿ ಎಳೆದಳು, ಆಮೇಲೆ ಎರಡೂ ಕೈಯಿಂದ ಜೋತುಬಿದ್ದಳು, ಕಾಲು ನೆಲಬಿಟ್ಟಿತು. ದಿಮ್ಮಿ ಅವಳನ್ನು ಗಮನಿಸಲೇ ಇಲ್ಲ.

“ಅಷ್ಟೇನೂ ಕೆಟ್ಟದಾಗಿಲ್ಲ,” ಎಂದಳು. ಆ ಊರಿನಲ್ಲಿ ಅದಕ್ಕಿಂತ ಮೇಲಿನ ಹೊಗಳಿಕೆಯ ಮಾತು ಹುಟ್ಟಿಲ್ಲ. ವರ್ಲಿನನ ಕಿವಿ ಕೆಂಪಾಯಿತು.

ಉಳಿದದ್ದು ತಕ್ಕಡಿ. ಎಮಿಲನ ಕಾಲದ ದಂಡದ ತಕ್ಕಡಿ, ಒಂದು ಸಾಸಿವೆ ಕಾಳು ಹೆಚ್ಚುಕಮ್ಮಿಯಾದರೂ ಮುಳ್ಳು ಹೇಳುತ್ತಿತ್ತು. ದಿಮ್ಮಿಯ ಮೇಲೆ ಇಟ್ಟು, ಮಟ್ಟ ನೋಡಿ, ಮದ್ದು ಸುರಿದರೆ ಮುಳ್ಳು ನಿಲ್ಲದು. ಥರಥರ. ಲವಾನ್ ಉಸಿರು ಬಿಗಿಹಿಡಿದಳು. ವರ್ಲಿನನನ್ನು ಮೆಟ್ಟಿಲ ಮೇಲಕ್ಕೆ ಕಳಿಸಿದಳು. ಬೆಕ್ಕನ್ನು ಕಳಿಸಿದಳು. ಆದರೂ ಥರಥರ. ಆಮೇಲೆ ಗೊತ್ತಾಯಿತು: ಪಕ್ಕದಲ್ಲೇ ಆಳುದ್ದದ ಫ್ರೀಜರು, ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಗುರ್ ಎಂದು ಎದ್ದು ನೆಲವನ್ನೇ ನಡುಗಿಸುತ್ತಿದೆ. ಫ್ರೀಜರನ್ನು ಸರಿಸೋಣವೆಂದರೆ ಅದು ನೆಲಮಾಳಿಗೆಗೆ ಗೋಡೆ ಎಬ್ಬಿಸುವ ಮೊದಲೇ ಬಂದು ಕೂತದ್ದು. ದಿಮ್ಮಿಯನ್ನು ಸರಿಸೋಣವೆಂದರೆ ಆರೂ ಮಂದಿಯ ಬೆನ್ನು ಇನ್ನೂ ಬಾಗಿಯೇ ಇತ್ತು.

“ಇಷ್ಟಕ್ಕೆಲ್ಲ ಏನು,” ಎಂದು ಲವಾನ್ ಫ್ರೀಜರಿನ ಪ್ಲಗ್ ಎಳೆದಳು. ಮುಳ್ಳು ನಿಂತಿತು. ತಪಸ್ಸಿಗೆ ಕೂತ ಹಾಗೆ ನಿಂತಿತು. ಅವಳು ಇಪ್ಪತ್ತು ತೋಟಾ ತುಂಬಿದಳು, ಒಂದೊಂದರೊಳಗೂ ಟಾರ್ಚು ಬಿಟ್ಟು ನೋಡಿದಳು, ಹಾಡು ಗುನುಗುತ್ತ ಮೇಲೆ ಬಂದಳು. ಅದು ಬುಧವಾರ.

ಶುಕ್ರವಾರ ಊಟವಾದಮೇಲೆ ವರ್ಲಿನ್ ಐಸ್‌ಕ್ರೀಮು ತರಲು ಕೆಳಗೆ ಹೋದ. ಡಬ್ಬಿ ಎತ್ತಿದ. ಒಳಗಿನದು ಕುಲುಕಿತು.

“ಲವಾನ್!”

“ಏನೋ?”

“ಐಸ್‌ಕ್ರೀಮ್ ಕುಡೀತೀಯಾ?”

ಮೆಟ್ಟಿಲ ಮೇಲೆ ದಡದಡನೆ ಹೆಜ್ಜೆ. ಇಬ್ಬರೂ ಫ್ರೀಜರಿನ ಮುಚ್ಚಳ ಎತ್ತಿ, ಬಾವಿಯಲ್ಲಿ ಬಿದ್ದ ಕೊಡವನ್ನು ನೋಡುವಂತೆ ಬಗ್ಗಿ ನೋಡಿದರು. ಒಂದಿಡೀ ಜಿಂಕೆ, ಮೂವತ್ತು ಮೀನು, ಎಂಟು ಕೋಳಿ, ಬೇಸಿಗೆಯೆಲ್ಲ ಹೆಚ್ಚಿಟ್ಟ ರೂಬಾರ್ಬ್ ಎಂಬ ಹುಳಿ ದಂಟಿನ ಚೀಲಗಳು. ಇನ್ನೂ ತಣ್ಣಗೇ ಇತ್ತು, ಕೆಟ್ಟಿರಲಿಲ್ಲ. ಆದರೆ ಎಲ್ಲವೂ ಮೆತ್ತಗಾಗಿತ್ತು. ಮತ್ತೆ ಗಡ್ಡೆ ಕಟ್ಟಿಸುವಂತಿಲ್ಲ, ನಾಳೆಯೊಳಗೆ ಬೇಯಿಸಲೇಬೇಕು.

ನಾಳೆ ಶನಿವಾರ. ಆಗಸ್ಟ್ ಪಂದ್ಯ.

ಹೆಂಡತಿಯ ಕಣ್ಣು ತುಂಬಿದ್ದನ್ನು ವರ್ಲಿನ್ ಕಂಡ. “ನೀನು ಪಂದ್ಯಕ್ಕೆ ಹೋಗು,” ಎಂದ. “ನಾನು ಬೇಯಿಸ್ತೀನಿ.”

ಅವಳು ಮೂಗು ಒರೆಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ನೀನು? ಮೊಟ್ಟೆ ಬೇಯಿಸೋಕೆ ಹೋಗಿ ಪಾತ್ರೆ ಬೇಯಿಸಿದೋನು?” ಆಮೇಲೆ ತೋಳು ಮಡಚಿದಳು. “ಮಾಂಸ ಕಾಯಲ್ಲ. ಗುಂಡಿ ಇನ್ನೊಂದು ತಿಂಗಳು ಕಾಯುತ್ತೆ. ಫೋನು ಮಾಡು.”

“ಯಾರಿಗೆ?”

“ಎಲ್ರಿಗೂ.”

ಇಪ್ಪತ್ತೊಂಬತ್ತು ವರ್ಷದಿಂದ ಸ್ಟೋರ್‌ವಿಕ್ ಶಾಲೆಯಲ್ಲಿ ದಿನಕ್ಕೆ ನೂರನಲವತ್ತು ಮಕ್ಕಳಿಗೆ ಬಡಿಸಿದವಳು ಲವಾನ್. ಊರಿನಲ್ಲಿ ನಲವತ್ತು ವರ್ಷದ ಕೆಳಗಿನ ಯಾರ ಹೊಟ್ಟೆಯನ್ನು ತಟ್ಟಿದರೂ ಅದರೊಳಗೆ ಅವಳ ಕೈಯೂಟದ ತಳಪಾಯವಿದೆ. ಆಪ್‌ಡಾಲ್ ಎಂಬುದರ ಮೊದಲ ಇಂಗ್ಲಿಷ್ ಅಕ್ಷರ ಹಿಡಿದು, ಮಕ್ಕಳಿಗೆಲ್ಲ ಅವಳು ಮಿಸೆಸ್ ಓ. ಹೊರಗೆ ಕೀಲಿಕೈ, ಕನ್ನಡಕ, ಗಂಡ ಎಲ್ಲವನ್ನೂ ಮರೆಯುವ ಅವಳು ಒಲೆಯ ಮುಂದೆ ನಿಂತರೆ ಬೇರೆಯೇ ಜೀವ. ವರ್ಲಿನ್ ಇದನ್ನು ಕೇಳಿದ್ದ. ನೋಡಿದ್ದು ಆ ಶನಿವಾರವೇ. ಚರ್ಚಿನಿಂದ ತಂದ ಹನ್ನೊಂದು ದೊಡ್ಡ ತಟ್ಟೆಪಾತ್ರೆಗಳು, ನಾಲ್ಕು ಮನೆಯ ಒಲೆಗಳು, ಅಂಗಳದಲ್ಲಿ ಮೈಲೋನ ಕೆಂಡದ ಪೀಪಾಯಿ. ಒಂದು ಕಡೆ ಮೀನು, ಒಂದು ಕಡೆ ಜಿಂಕೆ ಮಾಂಸಕ್ಕೆ ಆಲೂಗಡ್ಡೆ ಹೊದಿಸಿದ ಹಾಟ್‌ಡಿಶ್, ಒಂದು ಕಡೆ ರೂಬಾರ್ಬ್ ಕೇಕು. ಅವಳು ಓಡಲಿಲ್ಲ, ಕೂಗಲಿಲ್ಲ. ಕುಣಿದ ಹಾಗೆ ತಿರುಗುತ್ತಿದ್ದಳು.

ಬಯಲಿನಲ್ಲಿ ಪಂದ್ಯ ಶುರುವಾಗಿತ್ತು. ಗಾಳಿ ಊರಿನ ಕಡೆಯಿಂದ ಬೀಸುತ್ತಿತ್ತು. ಎರಡನೆಯ ಸುತ್ತಿನ ಹೊತ್ತಿಗೆ ಮಾಂಸ ಬೇಯುವ ವಾಸನೆಗೆ ಎಲ್ಲರ ಗುರಿಯೂ ತಪ್ಪತೊಡಗಿತು. ಮೂರನೆಯ ಸುತ್ತು ರದ್ದು ಮಾಡಿ ಮೈಲೋ ತಾನೇ ಮೊದಲು ಟ್ರಕ್ಕು ಹತ್ತಿದ. ತೊಂಬತ್ತು ಮಂದಿ ಉಂಡರು. ಆರ್ಡಿಸ್ ಮೂರು ಸಲ ಬಡಿಸಿಕೊಂಡು, ಹೋಗುವಾಗ, “ಬಣ್ಣ ನೀಲೀನೇ ಅಂತ ತೀರ್ಮಾನ ಮಾಡಿದೀನಿ, ಆದ್ರೆ ಕೇಕು ತುಂಬ ಚೆನ್ನಾಗಿತ್ತು” ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

ಪಾತ್ರೆ ಒರೆಸುವಾಗ ವರ್ಲಿನ್ ಕೇಳಿದ, “ಹನ್ನೊಂದು ಪಾತ್ರೆ. ಒಂದಕ್ಕೂ ಉಪ್ಪು ಮರೀಲಿಲ್ಲ. ಒಂದಕ್ಕೂ ಎರಡು ಸಲ ಬೀಳ್ಲಿಲ್ಲ. ನಡುವೆ ಫೋನು ಹದಿನೈದು ಸಲ ಬಂತು. ಹೆಂಗೆ?”

“ಅದರಲ್ಲೇನಿದೆ? ಉಪ್ಪು ಬೀಳೋ ತನಕ ಪಾತ್ರೆ ಎಡಗಡೆ, ಮುಚ್ಚಳ ತಲೆಕೆಳಗೆ. ಬಿದ್ದ ಮೇಲೆ ಬಲಗಡೆ, ಮುಚ್ಚಳ ಸರಿ. ನಾನು ಯಾಕೋ ನೆನಪಿಟ್ಕೋಬೇಕು? ಪಾತ್ರೆ ನೆನಪಿಟ್ಕೊಳ್ಳುತ್ತೆ...”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಲವಾನ್ ಕೈಯ ಒದ್ದೆ ಬಟ್ಟೆಯನ್ನು ಗಂಡನ ಹೆಗಲ ಮೇಲೆ ಎಸೆದು, ಕಪಾಟಿನಿಂದ ಮಫಿನ್ ಎಂಬ ಪುಟ್ಟ ಕೇಕು ಸುಡುವ, ಗುಳಿಗಳಿರುವ ಎರಡು ತಟ್ಟೆ ಎಳೆದುಕೊಂಡು ಕೆಳಗೆ ಓಡಿದಳು.

ಅಲ್ಲಿಂದ ದಿಮ್ಮಿಯ ಮೇಲೆ ವ್ಯವಸ್ಥೆಯೇ ಬದಲಾಯಿತು. ಎಡಗಡೆಯ ಮಫಿನ್ ತಟ್ಟೆಯಲ್ಲಿ ತೋಟಾಗಳು ತಲೆಕೆಳಗು, ಗುಳಿಗೊಂದು. ಒಂದನ್ನು ಎತ್ತು, ಮದ್ದು ಸುರಿ, ಟಾರ್ಚು ಬಿಡು, ಗುಂಡು ಕೂರಿಸು, ಬಲಗಡೆಯ ತಟ್ಟೆಗೆ ಬಾಯಿ ಮೇಲಾಗಿ ಇಡು. ನಡುವೆ ದೇವರೇ ಸ್ವರ್ಗದಿಂದ ಫೋನು ಮಾಡಿದರೂ ಚಿಂತೆಯಿಲ್ಲ. ಫ್ರೀಜರಿಗೂ ವರ್ಲಿನ್ ಒಂದು ಉಪಾಯ ಮಾಡಿದ. ಗೋಡೆಯ ಸಾಕೆಟ್ಟಿನ ಮೇಲೆ ಕೊಕ್ಕೆ ಹೊಡೆದ. “ಪ್ಲಗ್ ತೆಗೆದ ಕೂಡ್ಲೇ ನಿನ್ನ ಕಾರಿನ ಕೀ ಇಲ್ಲಿ ನೇತುಹಾಕು. ಪ್ಲಗ್ ಹಾಕಿದ್ಮೇಲೇ ಕೀ ತೆಗೀಬೇಕು. ಕೀ ಇಲ್ದೆ ಎಲ್ಲಿಗೆ ಹೋಗ್ತೀಯ?”

“ನೀನು ಕೆಲವು ಸಲ ಮದುವೆ ಆಗಿದ್ದಕ್ಕೆ ಸಾರ್ಥಕ ಅನ್ನಿಸ್ತೀಯ ಕಣೋ,” ಎಂದಳು.

ಸೆಪ್ಟೆಂಬರಿನ ಎರಡನೆಯ ಶನಿವಾರ ಬೆಳಗ್ಗೆ ಲವಾನ್ ಕೊನೆಯ ಇಪ್ಪತ್ತು ತೋಟಾ ತುಂಬಿದಳು. ಋತು ಮುಗಿಯುವ ಊಟಕ್ಕೆ ಆರು ದೊಡ್ಡ ತಟ್ಟೆ ಕೇಕು ಒಯ್ಯಬೇಕಿತ್ತು. ಅವಳ ಕಾರಿನಲ್ಲಿ ಹಿಡಿಯುವುದಿಲ್ಲವೆಂದು ಇಬ್ಬರೂ ವರ್ಲಿನನ ಟ್ರಕ್ಕಿನಲ್ಲಿ ಹೊರಟರು.

ಶೆಡ್ಡಿನಲ್ಲಿ ಆರ್ಡಿಸ್ ನೀಲಿ ಬಣ್ಣದ ಡಬ್ಬಿಯನ್ನು ಕಾಫಿ ಪಾತ್ರೆಯ ಪಕ್ಕದಲ್ಲೇ ಇಟ್ಟಿದ್ದಳು. ಕುಂಚವೂ ಹೊಸದು.

ಐದು ಗುಂಡಿಗೆ ಏಳು ನಿಮಿಷ. ಬಯಲಿನ ಉದ್ದಕ್ಕೂ ಗಾಳಿ ನೋಡಲು ಕಟ್ಟಿದ ಪಟ್ಟಿಗಳು ಬಲದಿಂದ ಎಡಕ್ಕೆ ಹಾರುತ್ತಿದ್ದವು. ಮೈಲೋ ಕೈ ಇಳಿಸಿದ. ಲವಾನ್ ಒಂದೂವರೆ ನಿಮಿಷದಲ್ಲಿ ನಾಲ್ಕು ಗುಂಡು ಹಾರಿಸಿದಳು. ನಾಲ್ಕೂ ಢಂ. ದುರ್ಬೀನು ಹಿಡಿದಿದ್ದ ವರ್ಲಿನನಿಗೆ ಕಾಗದದ ಮೇಲೆ ಒಂದೇ ಒಂದು ತೂತು ಕಂಡಿತು, ಅಂಚು ಹರಿದ ಒಂದೇ ತೂತು. ಇನ್ನೊಂದು. ಅಲ್ಲೇ ಇನ್ನೊಂದು ಬಿದ್ದರೆ ಸಾಕು.

ಲವಾನ್ ಐದನೆಯ ತೋಟಾ ಒಳಗೆ ಹಾಕಿದಳು. ಕೆನ್ನೆ ಊರಿದಳು. ಹಾರಿಸಲಿಲ್ಲ. ಕೆನ್ನೆ ಎತ್ತಿ, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟಳು.

ಒಂದು ನಿಮಿಷ. ಎರಡು. ಅವಳ ಕಣ್ಣು ಬಯಲಿನಾಚೆ ಎಲ್ಲೋ ನೆಟ್ಟಿತ್ತು, ಹುಬ್ಬು ಗಂಟಿಕ್ಕಿತ್ತು, ತುಟಿ ಏನನ್ನೋ ಲೆಕ್ಕ ಹಾಕುವಂತೆ ಅಲ್ಲಾಡುತ್ತಿತ್ತು. ಆಗಲೇ ಗಾಳಿ ಬಿದ್ದುಹೋಯಿತು. ಪಟ್ಟಿಗಳು ಸೋತು ಜೋತುಬಿದ್ದವು, ಆಮೇಲೆ ಹಿಂದುಮುಂದು ನೋಡದೆ ಎಡದಿಂದ ಬಲಕ್ಕೆ ತಿರುಗಿದವು. ಅಕ್ಕಪಕ್ಕದ ಮೇಜುಗಳಲ್ಲಿ ಢಂ, ಢಂ, ಜೊತೆಗೇ ಬೈಗುಳ. ಕೊನೆಯ ಗುಂಡುಗಳು ಒಂದೊಂದಾಗಿ ದಾರಿತಪ್ಪಿದವು. ಲವಾನ್ ಕಲ್ಲಿನ ಹಾಗೆ ಕೂತೇ ಇದ್ದಳು.

“ಗಾಳಿ ಓದ್ತಿದಾಳೆ,” ಎಂದು ಆರ್ಡಿಸ್ ಪಿಸುಗುಟ್ಟಿದಳು. ಅವಳ ಧ್ವನಿಯಲ್ಲಿ ವರ್ಲಿನ್ ಐವತ್ತು ವರ್ಷದಲ್ಲಿ ಕೇಳದ ಒಂದು ಮರ್ಯಾದೆಯಿತ್ತು. “ಇವಳಿಗೆ ಇದನ್ನ ಯಾರು ಕಲಿಸಿದ್ರೋ?”

“ನಂಗೇನು ಗೊತ್ತು? ನಾನು ಬರೀ ಬೆಂಚು ಮಾಡಿದೋನು.”

“ಒಂದು ನಿಮಿಷ ಇದೆ!” ಎಂದು ಮೈಲೋ ಕೂಗಿದ.

ಪಟ್ಟಿಗಳು ಮತ್ತೆ ಸೋತವು, ನಡುಗಿದವು, ಬಲದಿಂದ ಎಡಕ್ಕೆ, ಮೊದಲಿನ ಹಾಗೆಯೇ, ಮೆಲ್ಲಗೆ ಎದ್ದವು. ಲವಾನ್ ನಿದ್ದೆಯಿಂದ ಎದ್ದವಳಂತೆ ಬೆಚ್ಚಿ, ಕೆನ್ನೆ ಊರಿ, ಹಾರಿಸಿದಳು.

ಢಂ.

ಕಾಗದವನ್ನು ಶೆಡ್ಡಿಗೆ ತಂದರು. ಇಡೀ ಕ್ಲಬ್ಬು ಕಾಫಿ ಪಾತ್ರೆಯ ಸುತ್ತ ನೆರೆಯಿತು. ಆರ್ಡಿಸ್ ಮೊಳೆಯಿಂದ ಗಸ್ಟನ ಗುಂಡಿ ತೆಗೆದು, ತೂತಿನ ಮೇಲೆ ಇಟ್ಟು, ಭೂತಗನ್ನಡಿ ಹಿಡಿದು ಬಗ್ಗಿದಳು. ಎಡದಿಂದ ನೋಡಿದಳು. ಬಲದಿಂದ ನೋಡಿದಳು. ಕೂದಲೆಳೆಯಷ್ಟು ಸರಿಸಿ ಮತ್ತೆ ನೋಡಿದಳು. ಪೋಸ್ಟಾಫೀಸಿನಲ್ಲಿ ಅಂಚೆಚೀಟಿ ಸಾಲದ ಲಕೋಟೆಯನ್ನು ಅವಳು ಯಾವತ್ತೂ, ತಮ್ಮನದಾದರೂ, ಬಿಟ್ಟವಳಲ್ಲ. ವರ್ಲಿನ್ ಉಸಿರು ಬಿಡುವುದನ್ನು ಮರೆತ.

ಆರ್ಡಿಸ್ ನೆಟ್ಟಗೆ ನಿಂತಳು. “ಏನೂ ಕಾಣಲ್ಲ,” ಎಂದಳು. “ಪೂರ್ತಿ ಮುಚ್ಚಿದೆ.” ಆಮೇಲೆ ಗುಂಡಿಯನ್ನು ಮೊಳೆಗೆ ಸಿಕ್ಕಿಸುತ್ತ, “ಅಷ್ಟೇನೂ ಕೆಟ್ಟದಾಗಿಲ್ಲ, ಲವಾನ್.”

ಶೆಡ್ಡಿನ ತಗಡು ಹಾರಿಹೋಗುವಂತೆ ಕೂಗು ಎದ್ದಿತು. ಮೈಲೋ ಇಕ್ಕಳ ತಂದು ತಂತಿ ಕತ್ತರಿಸಿದ. ಆರ್ಡಿಸ್ ತನ್ನ ಹೊಸ ಸ್ವೆಟರಿನ ತೋಳಿನಿಂದಲೇ ಸೀಮೆಸುಣ್ಣ ಒರೆಸಿದಳು. ಲವಾನ್ ಗುಂಡನ್ನು ಜೇಬಿಗೆ ಹಾಕಿಕೊಂಡು, ಅಪ್ಪನ ಹೆಸರಿನ ಬಣ್ಣದ ಮೇಲೆ ಒಮ್ಮೆ ಬೆರಳಾಡಿಸಿದಳು. “ಟುಸ್,” ಎಂದಳು ಮೆಲ್ಲಗೆ, ಯಾರಿಗೂ ಕೇಳದ ಹಾಗೆ. ವರ್ಲಿನನಿಗೆ ಕೇಳಿಸಿತು. ಅವನು ಟೊಪ್ಪಿ ಎಳೆದುಕೊಂಡ. ಈ ಸಲ ನಗುವುದಕ್ಕಲ್ಲ.

ಊರಿನ ವಾರಪತ್ರಿಕೆಯ ಸಂಪಾದಕ ಕರ್ಟಿಸ್ ವೋಲ್ಡ್ ಬಾಯಿತುಂಬ ಕೇಕು, ಕೈಯಲ್ಲಿ ಪೆನ್ಸಿಲು ಹಿಡಿದು ಮುಂದೆ ಬಂದ. ಹನ್ನೆರಡು ವರ್ಷ ಅವಳ ಕೈಯಲ್ಲಿ ಉಂಡ ಹುಡುಗ, ಈಗ ತಲೆಯಲ್ಲಿ ಕೂದಲು ಕಮ್ಮಿ. ಅವನು ಕೈ ಎತ್ತಿದಾಗ ಎಲ್ಲರೂ ಸುಮ್ಮನಾದರು. ಆರ್ಡಿಸ್ ಕೂಡ ಕಿವಿಗೊಟ್ಟು ಹತ್ತಿರ ಸರಿದಳು.

“ಮಿಸೆಸ್ ಓ, ಮುಂದಿನ ವಾರ ಮೊದಲನೇ ಪುಟಕ್ಕೆ ಹಾಕ್ತೀನಿ, ಸರಿಯಾಗಿ ಹೇಳಿ. ಕೊನೇ ಗುಂಡಿಗೆ ಮುಂಚೆ ಅಷ್ಟು ಹೊತ್ತು ಕೂತಿದ್ರಲ್ಲ. ಗಾಳಿ ತಿರುಗಿ ಮತ್ತೆ ವಾಪಸ್ ಬರುತ್ತೆ ಅಂತ ನಿಮಗೆ ಹೆಂಗೆ ಗೊತ್ತಾಯ್ತು? ಆಗ ನೀವು ಏನು ನೋಡ್ತಿದ್ರಿ?”

“ಗಾಳಿ ತಿರುಗ್ತಾ?” ಎಂದಳು ಲವಾನ್. “ನಾನು ನೋಡ್ಲೇ ಇಲ್ಲ ಕಣಪ್ಪ. ಬೆಳಿಗ್ಗೆ ಫ್ರೀಜರಿನ ಪ್ಲಗ್ ಮತ್ತೆ ಹಾಕಿದ್ನೋ ಇಲ್ವೋ ಅಂತ ನೆನಪು ಮಾಡ್ಕೋತಾ ಇದ್ದೆ. ಇನ್ನೂ ನೆನಪಾಗಿಲ್ಲ.”